ನಾಯಕಿ ಉಟ್ಟ ಸೀರೆ

ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಏಳುವ ಗಂಜಿಯ ವಾಸನೆ ನನ್ನನ್ನು ಇಂದಿಗೂ ನಾರಾಯಣಪೇಟೆಯ ಹಳೆಯ ಮನೆಗೆ ಕರೆದೊಯ್ಯುತ್ತದೆ. ಆ ಮನೆ ಈಗಿಲ್ಲ. ಅದರ ಪಡಸಾಲೆಯಲ್ಲಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ ನನ್ನ ಸೋದರತ್ತೆ ಶಂಕರಮ್ಮನೂ ಇಲ್ಲ. ಅತ್ತೆಗೆ ಓದು ಬರುತ್ತಿರಲಿಲ್ಲ. ಶಾಲೆ ಬಿಟ್ಟು ಬಂದ ನಾನು ಮಗ್ಗದ ಪಕ್ಕ ಕುಳಿತು ಗ್ರಂಥಾಲಯದ ಕಾದಂಬರಿಯನ್ನು ಲಾಳಿಯ ಸದ್ದಿಗಿಂತ ಗಟ್ಟಿಯಾಗಿ ಓದಬೇಕಿತ್ತು. ನಮ್ಮಿಬ್ಬರಿಗೂ ಮೆಚ್ಚಿನ ಕಾದಂಬರಿಕಾರ್ತಿ ಒಬ್ಬರೇ. ಅವರ ಹಾಗೆ ಬರೆಯುವವರು ಲೋಕದಲ್ಲೇ ಇಲ್ಲವೆಂದು ನಂಬಿದ್ದೆವು.

ನಾಯಕಿ ಬಾಗಿಲಿಗೆ ಬಂದಳೆಂದರೆ ಲಾಳಿ ನಿಲ್ಲುತ್ತಿತ್ತು.

"ತಡಿ ಪಾರೂ, ಯಾ ಸೀರಿ ಉಟ್ಟಾಳ?"

"ಸೀರಿ ಅಂತ ಅಷ್ಟ ಐತಿ ಅತ್ತಿ."

"ಹಂಗ್ಯಾಂಗ ಬರೀತಾಳ? ನೀನ ಸಾಲು ನುಂಗೀದಿ. ನೆಟ್ಟಗ ಓದು!"

ಬೈಗುಳಕ್ಕೆ ಹೆದರಿ, ಅಂದು ಮಗ್ಗದ ಮೇಲಿದ್ದ ಸೀರೆಯನ್ನೇ ನೋಡಿ ಓದಿದೆ: ಹಸಿರು ಒಡಲು, ಅರಿಷಿಣ ಅಂಚು. "ಹಾಂ, ಬರಿಯಾಕಿ ಅಂದ್ರ ಹಿಂಗಿರಬೇಕು," ಎಂದು ಅತ್ತೆ ಲಾಳಿ ಎಸೆದಳು. ಅಂದಿನಿಂದ ನಾಯಕಿಯರೆಲ್ಲ ನಮ್ಮ ಮನೆಯ ಸೀರೆಯನ್ನೇ ಉಟ್ಟರು. ಅವರು ಗಂಡನ ಮನೆಯಲ್ಲಿ ಕಣ್ಣೀರಿಟ್ಟಾಗಲೂ ಮಗ್ಗದಿಂದ ಮಾತು ಬರುತ್ತಿತ್ತು: "ಅಳೂದು ಸಾಕು! 'ನಿಮ್ಮ ಮಗನ ಅಂಗಿ ನೀವ ಒಗೀರಿ, ನನಗ ಕೆಲಸ ಐತಿ' ಅನ್ನಾಕ ಬಾಯಿಲ್ಲೇನು ಆಕಿಗೆ?"

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಒಳ್ಳೆಯ ಸಾಹಿತ್ಯ ಯಾವುದೆಂದು ಕಾಲೇಜಿನಲ್ಲಿ ಕಲಿತ ಮೇಲೆ ಆ ಕಾದಂಬರಿಕಾರ್ತಿಯ ಹೆಸರನ್ನು ಯಾರೆದುರೂ ಎತ್ತಲಿಲ್ಲ. ಮತ್ತೆ ಓದಲೂ ಇಲ್ಲ. ಆ ಕಾದಂಬರಿಗಳು ಸಪ್ಪೆಯೆನಿಸಿದರೆ ಅತ್ತೆಯ ಜೊತೆ ಕಳೆದ ಸಂಜೆಗಳೂ ಸಪ್ಪೆಯಾಗಿಬಿಡುವವೇ ಎಂಬ ಅಂಜಿಕೆ ನನ್ನಲ್ಲಿತ್ತು.

ಕಳೆದ ತಿಂಗಳು ರಾಯಚೂರಿನ ಹಳೆಯ ಪುಸ್ತಕದಂಗಡಿಯಲ್ಲಿ ಅಂದು ಹಸಿರು ಸೀರೆ ಸೇರಿಸಿ ಓದಿದ್ದ ಅದೇ ಕಾದಂಬರಿ ಸಿಕ್ಕಿತು. ಗದ್ವಾಲಿನ ನನ್ನ ಮನೆಯಲ್ಲಿ ಒಂದು ಭಾನುವಾರ ಕುಳಿತು ಪೂರ್ತಿ ಓದಿದೆ. ಅಂಜಿದ್ದೇ ನಿಜವಾಯಿತು. ನಾಯಕಿ ಪುಟಪುಟಕ್ಕೂ ಅಳುತ್ತಾಳೆ. ನಾಯಕ ಕಾರಿನಿಂದ ಇಳಿಯುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಅಂಗಿಯ ಮಾತೊಂದಾದರೂ ಇರಬೇಕೆಂದು ಹಿಂದೆ ಮುಂದೆ ತಿರುವಿದೆ. ಅಷ್ಟು ವರ್ಷ ಅದನ್ನು ಆ ಲೇಖಕಿಯದೆಂದೇ ನೆನಪಿಟ್ಟುಕೊಂಡಿದ್ದೆ. ಎಲ್ಲಿಯೂ ಇರಲಿಲ್ಲ; ಅದು ಅತ್ತೆಯದೇ ಮಾತು. ಹಸಿರು ಸೀರೆಯೂ ಇರಲಿಲ್ಲ.

ನನಗೆ ನಗು ಬಂತು. ಪುಸ್ತಕ ಸಪ್ಪೆಯಾಗಿತ್ತು, ಸಂಜೆಗಳಿಗೆ ಏನೂ ಆಗಿರಲಿಲ್ಲ. ಪುಸ್ತಕದ ಮೇಲೆ ಎಂದೂ ಒಂದು ಗೆರೆ ಎಳೆಯದ ನಾನು ಪೆನ್ಸಿಲ್ ತೆಗೆದುಕೊಂಡು, ನಾಯಕಿ ಬಾಗಿಲಿಗೆ ಬರುವ ಪುಟದಲ್ಲಿ ಬರೆದೆ: ಹಸಿರು ಒಡಲು, ಅರಿಷಿಣ ಅಂಚು.