ಬುಲೆಟ್ ಟ್ರೈನಿಗೆ ಸಿಕ್ಕಿದ ಸೆರಗು

ವಾರಿಜಕ್ಕ ಯಾರ ಮನೆಗೆ ಹೋದರೂ ಮನೆಯವರಿಗಿಂತ ಮೊದಲು ವಿಚಾರಿಸಿಕೊಳ್ಳುತ್ತಿದ್ದದ್ದು ಅಲ್ಲಿನ ಸೋಫಾವನ್ನು. ಟೊರೊಂಟೊ ಪಕ್ಕದ ಥಾರ್ನ್‌ಹಿಲ್‌ನಲ್ಲಿ ನಾವು ಮನೆ ಕೊಂಡು ಗೃಹಪ್ರವೇಶ ಮಾಡಿದ ದಿನ ನಾನು ಅವರನ್ನು ಮೊದಲ ಸಲ ನೋಡಿದ್ದು. ಪಕ್ಕದ ಬೀದಿಯ ಕನ್ನಡದವರು ಎಂದು ಯಾರೋ ಕರೆದುಕೊಂಡು ಬಂದಿದ್ದರು. ಕುಂಕುಮ ಕೊಡೋಣವೆಂದು ಹೋದರೆ ಈ ಹೆಂಗಸು ನಮ್ಮ ಹೊಸ ಸೋಫಾದ ಸಂದಿಯೊಳಗೆ ಮೊಣಕೈವರೆಗೆ ಕೈ ತೂರಿಸಿಕೊಂಡು ಕೂತಿದ್ದಾರೆ! ಕೈ ಹೊರಗೆ ಬಂದಾಗ ಅದರಲ್ಲಿ ನನ್ನ ಮಗಳ ಒಂಟಿ ಕಾಲುಚೀಲ, ಒಂದಿಷ್ಟು ಕಡಲೆಬೀಜ, ಮತ್ತು ನಾವು ಮನೆಯೆಲ್ಲ ಜಾಲಾಡಿ ಆಸೆ ಬಿಟ್ಟಿದ್ದ ಟೀವಿ ರಿಮೋಟು ಇದ್ದವು.

“ಹೊಸ ಸೋಫಾ ಅಲ್ವಾ? ಆದ್ರೂ ಸಂದಿ ಉಂಟು,” ಎಂದರು, ಡಾಕ್ಟರು ಎಕ್ಸ್‌ರೇ ನೋಡಿ ಹೇಳುವ ಹಾಗೆ. “ಸಂದಿ ಇದ್ದಲ್ಲಿ ಕಡ್ಲೆ ಹೋಗ್ತದೆ, ಬಟ್ಟೆ ಹೋಗ್ತದೆ, ಕಡೆಗೆ ಮರ್ಯಾದೆಯೂ ಹೋಗ್ತದೆ ಮಾರಾಯ್ತಿ.”

ನನ್ನ ಗಂಡ ಅಡುಗೆಮನೆಗೆ ಬಂದು, “ಯಾರೇ ಇವ್ರು? ಕಸ್ಟಮ್ಸಿನವ್ರಾ?” ಎಂದು ಪಿಸುಗುಟ್ಟಿದ.

ಕಸ್ಟಮ್ಸಿನವರಲ್ಲ, ಸೀಟಿನವರು. ಉಡುಪಿ ಕಡೆಯ ತುಳು ಮನೆಮಾತಿನ ವಾರಿಜಕ್ಕ ಡಿಸೈನ್ ಓದಿ, ಮದುವೆಯಾಗಿ ಗಂಡ ಸದಾಶಿವಣ್ಣನ ಜೊತೆ ಜಪಾನಿಗೆ ಹೋಗಿ, ಅಲ್ಲಿ ಹೊಸ ಮಾದರಿಯ ಬುಲೆಟ್ ಟ್ರೈನಿಗೆ ಸೀಟು ರೂಪಿಸುವ ತಂಡದಲ್ಲಿ ವರ್ಷಗಟ್ಟಲೆ ದುಡಿದಿದ್ದರು. ಆ ರೈಲು ಹಳಿಗೆ ಇಳಿಯುವ ಮೊದಲೇ ಸದಾಶಿವಣ್ಣನಿಗೆ ಕೆನಡಾಕ್ಕೆ ವರ್ಗವಾಯಿತು. ಇಲ್ಲಿ ವಾರಿಜಕ್ಕ ನಾರ್ತ್ ಯಾರ್ಕ್‌ನ ಒಂದು ಆಫೀಸಿನಲ್ಲಿ ಗಾಲಿಕುರ್ಚಿಗಳ ವಿನ್ಯಾಸ ಮಾಡುತ್ತಿದ್ದರು. ಜನ ಹೇಗೆ ಮಾತಾಡುತ್ತಾರೆ ಎನ್ನುವುದಕ್ಕಿಂತ ಹೇಗೆ ಕೂರುತ್ತಾರೆ ಎನ್ನುವುದರ ಮೇಲೆ ಅವರಿಗೆ ಹೆಚ್ಚು ನಂಬಿಕೆ. “ನೀನು ಎಡಗಡೆಗೆ ವಾಲ್ತಿ ಸುಮಾ. ಆಫೀಸಲ್ಲಿ ಎರಡನೇ ಮಾನಿಟರ್ ಆ ಕಡೆ ಉಂಟಾ?” ಎಂದು ಕೇಳಿದಾಗ ನಾನು ಬೆಪ್ಪಾಗಿದ್ದೆ. ಇತ್ತು.

ಒಂದು ವರ್ಷ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಶಾಲೆಯೊಂದರ ಹಾಲ್ ಬಾಡಿಗೆಗೆ ಹಿಡಿದಿದ್ದರು. ಅಧ್ಯಕ್ಷರು ಮೈಕ್ ಹಿಡಿದರೆ ಬಿಡುವವರಲ್ಲ. ಜನ ಮಿಸುಕಾಡತೊಡಗಿದರು, ಕೆಲವರು ಸಮೋಸದ ಕಡೆಗೆ ಜಾರಿದರು. ವಾರಿಜಕ್ಕ ಮಾತ್ರ ಹಿಂದಿನ ಸಾಲಿನಲ್ಲಿ ನಿಂತು ಎಲ್ಲರ ಬೆನ್ನನ್ನೂ ಪರೀಕ್ಷಿಸುತ್ತಿದ್ದರು. “ಪಾಪ, ಭಾಷಣದ್ದು ತಪ್ಪಿಲ್ಲ, ಕುರ್ಚಿದ್ದು ತಪ್ಪು. ಒಳ್ಳೆ ಕುರ್ಚಿ ಹಾಕಿದ್ರೆ ಇವರದ್ದನ್ನೂ ಕೇಳ್ಬಹುದು,” ಎಂದರು. ಮೆಲ್ಲಗೆ ಹೇಳುವುದು ಅವರಿಗೆ ಗೊತ್ತಿರಲಿಲ್ಲವಾದ್ದರಿಂದ ಅಧ್ಯಕ್ಷರಿಗೂ ಕೇಳಿಸಿತು. ಭಾಷಣ ಅಲ್ಲಿಗೇ ಮುಗಿಯಿತು, ಊಟ ಬಿಸಿಬಿಸಿಯಾಗಿ ಸಿಕ್ಕಿತು.

ಅವರ ಬದುಕಿನ ಒಂದೇ ಒಂದು ಚಿಂತೆ ನನಗೆ ತಿಳಿದದ್ದು ಬರ್ಲಿಂಗ್ಟನ್‌ಗೆ ಹೋಗುವ ರೈಲಿನಲ್ಲಿ. ಅಲ್ಲಿ ಗೆಳತಿಯೊಬ್ಬಳ ಸೀಮಂತ. ಹಿಂದಿನ ದಿನವಿಡೀ ಹಿಮ ಸುರಿದಿದ್ದರಿಂದ ಕಾರು ಬೇಡವೆಂದು ರೈಲು ಹಿಡಿದೆವು. ಇಬ್ಬರೂ ರೇಷ್ಮೆ ಸೀರೆ, ಮೇಲೆ ದಪ್ಪ ಜಾಕೆಟ್ಟು, ಕಾಲಿಗೆ ಸ್ನೋ ಬೂಟು. ಇಲ್ಲಿನ ರೈಲಿನಲ್ಲಿ ನಾಲ್ವರು ಎದುರುಬದುರು ಕೂರಬೇಕು, ಹಾಗಾಗಿ ಅರ್ಧ ಜನ ಹಿಮ್ಮುಖವಾಗಿ ಪ್ರಯಾಣ ಮಾಡುತ್ತಾರೆ. ಖಾಲಿ ಇದ್ದದ್ದು ಅಂಥ ಸೀಟುಗಳೇ. ವಾರಿಜಕ್ಕ ಕೂರಲೊಲ್ಲರು.

“ಬೆನ್ನು ಮುಂದೆ ಮಾಡಿ ಸೀಮಂತಕ್ಕೆ ಹೋಗುದಾ? ಎಂಥ ಮಾರಾಯ್ತಿ! ಜಪಾನಲ್ಲಾದ್ರೆ ಕೊನೇ ಸ್ಟೇಷನ್ನಲ್ಲಿ ಇಡೀ ಬೋಗಿಯ ಸೀಟು ಒಟ್ಟಿಗೇ ತಿರುಗ್ತದೆ ಗೊತ್ತುಂಟಾ? ಯಾರಿಗೂ ಹಿಂದೆ ಮುಖ ಮಾಡಿ ಕೂರುವ ಗ್ರಾಚಾರ ಇಲ್ಲ.”

ಎರಡು ಸ್ಟೇಷನ್ ನಿಂತೇ ಬಂದರು. ಕೊನೆಗೆ ಮುಮ್ಮುಖದ ಜಾಗ ಸಿಕ್ಕಿ ಕೂತಾಗ, ಸೆರಗನ್ನು ಒಟ್ಟು ಮಾಡಿ ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಯಾಕಕ್ಕ ಹಾಗೆ ಹಿಡ್ಕೊಂಡಿದ್ದೀರಿ ಎಂದು ನಾನು ಕೇಳಿದ್ದೇ ನೆಪ, ಕಥೆ ಹೊರಗೆ ಬಂತು.

ಜಪಾನಿನಲ್ಲಿ ಹೊಸ ರೈಲಿನ ಮಾದರಿ ಬೋಗಿಯೊಂದನ್ನು ದೊಡ್ಡ ಶೆಡ್ಡಿನಲ್ಲಿ ಕಟ್ಟಿ, ಸೀಟುಗಳನ್ನು ಜೋಡಿಸಿ, ತಂಡದವರೇ ಗಂಟೆಗಟ್ಟಲೆ ಕೂತು ನೋಡುತ್ತಿದ್ದರಂತೆ. ಉದ್ದದವರು, ಗಿಡ್ಡದವರು, ಸೂಟಿನವರು, ಬಸುರಿಯರು, ಎಲ್ಲರೂ ಕೂತು ಪಾಸು ಮಾಡಿದ್ದರು. ಅಂದು ಚೌತಿ. ವಾರಿಜಕ್ಕ ಗೆಳೆಯರ ಮನೆಯ ಪೂಜೆ ಮುಗಿಸಿ ಉಟ್ಟ ಸೀರೆಯಲ್ಲೇ ಕೆಲಸಕ್ಕೆ ಹೋದರು. ಮೋದಕದ ಹೊಟ್ಟೆ ಭಾರಕ್ಕೆ ಸೀಟನ್ನು ಹಿಂದಕ್ಕೆ ವಾಲಿಸಿ ಕಣ್ಣುಮುಚ್ಚಿದರು. ಬಾಸು ಬಂದರೆಂದು ಗಡಬಡಿಸಿ ಎದ್ದರೆ ಏಳಲಾಗುತ್ತಿಲ್ಲ. ಬೆನ್ನೊರಗಿಗೂ ಕೂರುವ ಮೆತ್ತೆಗೂ ನಡುವಿನ ಸಂದಿಯಲ್ಲಿ ಸೆರಗು ಸಿಕ್ಕಿಕೊಂಡು ಬಿಟ್ಟಿದೆ!

“ಎಳೆದ್ರೆ ಸೀರೆ ಹರೀತದೆ, ಬಿಟ್ರೆ ಮಾನ ಹೋಗ್ತದೆ. ಸುತ್ತ ಇದ್ದ ಗಂಡಸ್ರೆಲ್ಲ ಗೋಡೆ ಕಡೆ ತಿರುಗಿ ನಿಂತ್ರು, ಪಾಪದವರು. ಬಾಸು ಮಾತ್ರ ಕಣ್ಣು ಕೆಳಗೆ ಹಾಕಿ ಬಂದು, ಆ ಸಂದಿ ನೋಡಿ, ಸೊಂಟದವರೆಗೆ ಬಗ್ಗಿ ಕ್ಷಮೆ ಕೇಳಿದ್ರು. ನನ್ನ ಹತ್ರ ಅಲ್ಲ ಸುಮಾ, ಸೀರೆ ಹತ್ರ!”

ನಾನು ಬಿದ್ದು ಬಿದ್ದು ನಕ್ಕೆ. ಎದುರಿನ ಪಂಜಾಬಿ ಅಜ್ಜಿ ಅರ್ಥವಾಗದಿದ್ದರೂ ನಕ್ಕರು.

ಆ ಸಂದಿಯನ್ನು ಮುಚ್ಚಲು ವಾರಿಜಕ್ಕ ತಾವೇ ಒಂದು ಬಾಗಿದ ತೆಳು ಪಟ್ಟಿಯನ್ನು ರೂಪಿಸಿದರು. ಸೀಟು ವಾಲಿದಾಗ ಅದು ಬಟ್ಟೆಯನ್ನು ಮೆಲ್ಲಗೆ ಹೊರಗೆ ನೂಕುತ್ತಿತ್ತು. ಇದಕ್ಕೇನು ಹೆಸರು ಎಂದು ಕೇಳಿದ ಸಹೋದ್ಯೋಗಿಗಳಿಗೆ, ಸಿಕ್ಕಿಕೊಂಡದ್ದರ ಹೆಸರನ್ನೇ ಹೇಳಿದರು. ನಕ್ಷೆಗಳಲ್ಲಿ ಆ ಪಟ್ಟಿ ‘ಸೆರಗು’ ಎಂದೇ ದಾಖಲಾಯಿತು. “ನನ್ನ ಹೆಸರು ಅವರ ಬಾಯಲ್ಲಿ ‘ಬಾರಿಜಾ’ ಆಯ್ತು. ಸೆರಗು ಮಾತ್ರ ಚಂದ ಹೇಳ್ತಿದ್ರು, ಸೆ-ರ-ಗು ಅಂತ,” ಎಂದರು.

ಆದರೆ ಅಂಥ ರೈಲಿನಲ್ಲಿ ತೂಕವೇ ಶತ್ರು. ಸಾವಿರಕ್ಕೂ ಹೆಚ್ಚು ಸೀಟು, ಒಂದೊಂದಕ್ಕೂ ಒಂದು ಪಟ್ಟಿ. ಇದನ್ನು ಕೈಬಿಟ್ಟರೆ ಎಷ್ಟು ಹಗುರವಾಗುತ್ತದೆ ಎಂದು ತೂಕದ ವಿಭಾಗದವರು ರಾಗ ಎಳೆದರು. ಜಪಾನಿನಲ್ಲಿ ಸೀರೆ ಉಡುವವರು ಎಷ್ಟು ಜನ ಎಂಬ ಪ್ರಶ್ನೆಯೂ ಬಂತು. ಕಿಮೋನೋ ಇಲ್ವಾ, ಶಾಲು ಇಲ್ವಾ, ಮಗುವಿನ ಹೊದಿಕೆ ಇಲ್ವಾ ಎಂದು ವಾರಿಜಕ್ಕ ಜಗಳವಾಡಿದರು. ತೀರ್ಮಾನವಾಗುವ ಮೊದಲೇ ಟೊರೊಂಟೊ ವಿಮಾನ ಹತ್ತಬೇಕಾಯಿತು.

“ಸೆರಗು ಉಳಿಯಿತೋ ಇಲ್ವೋ, ಅದೊಂದು ಗೊತ್ತಾಗ್ಬೇಕು ನಂಗೆ,” ಎಂದರು. ಅಷ್ಟು ಹೊತ್ತು ನಗಿಸಿದವರು ಕಿಟಕಿಯ ಕಡೆ ತಿರುಗಿದರು.

“ಅದಕ್ಕೇನಕ್ಕ, ಒಂದು ಇಮೇಲ್ ಹಾಕಿ ಕೇಳ್ಬೋದಲ್ಲ?”

“ಕೇಳಿದ್ರೆ ಉಂಟು ಅಂತಾರೆ. ಇಲ್ಲ ಎನ್ನುವ ಮಾತೇ ಅವರ ಬಾಯಲ್ಲಿ ಬರುದಿಲ್ಲ. ನನ್ನ ಮನಸ್ಸು ನೋಯ್ತದೆ ಅಂತ. ಅದೆಲ್ಲ ಆಗುದಿಲ್ಲ. ಸೀರೆ ಉಟ್ಟು, ಕೂತೇ ನೋಡ್ಬೇಕು.”

ಆ ರೈಲಿನ ಮೊದಲ ಓಟದ ದಿನ ವಾರಿಜಕ್ಕನ ಬೇಸ್‌ಮೆಂಟಿನಲ್ಲಿ ನಾವೆಲ್ಲ ಸೇರಿದ್ದೆವು. ಅಲ್ಲಿ ಬೆಳಗಾದಾಗ ನಮಗಿಲ್ಲಿ ಸಂಜೆ ಚಹಾದ ಹೊತ್ತು. ಗೋಳಿಬಜೆ ಕರಿದು ರಾಶಿ ಹಾಕಿದ್ದರು. ಟೀವಿಯಲ್ಲಿ ಪ್ಲಾಟ್‌ಫಾರ್ಮು, ಕೈ ಬೀಸುವ ಮಕ್ಕಳು, ಬಿಳಿ ಕೈಗವಸಿನ ಚಾಲಕ, ಮತ್ತೆ ಮತ್ತೆ ಆ ರೈಲಿನ ಚೂಪಾದ ಬಿಳಿ ಮೂತಿ. ಮೂತಿ ಎಡಗಡೆಯಿಂದ, ಮೂತಿ ಬಲಗಡೆಯಿಂದ, ಮೂತಿ ಮೇಲಿನಿಂದ. ಸುರಂಗಕ್ಕೆ ನುಗ್ಗುವಾಗ ಗಾಳಿ ಒತ್ತಿ ಆಚೆ ತುದಿಯಲ್ಲಿ ಢಂ ಎನ್ನಬಾರದು ಎಂದು ಮೂತಿಯನ್ನು ಅಷ್ಟು ಉದ್ದ ಮಾಡುತ್ತಾರಂತೆ. ಸದಾಶಿವಣ್ಣ ಅದನ್ನು ವಿವರಿಸತೊಡಗಿದರೆ ವಾರಿಜಕ್ಕನಿಗೆ ರೇಗಿತು.

“ಮೂತಿ ಸಾಕು ಮಾರಾಯ, ಒಳಗೆ ತೋರ್ಸು!” ಎಂದು ಟೀವಿಗೆ ಗದರಿದರು. “ಎಲ್ರಿಗೂ ಮೂತಿಯೇ ಬೇಕು. ಮೂತಿ ಮೇಲೆ ಯಾರಾದ್ರೂ ಕೂರ್ತಾರಾ?”

ನನ್ನ ಮಗಳು, “Aunty, it looks so cool,” ಎಂದಳು. “ಕೂಲ್ ಇರಲಿ ಮಗಾ, ಕಂಫರ್ಟ್ ಉಂಟಾ ಕೇಳು,” ಎಂದು ಅವಳ ಬಾಯಿಗೆ ಒಂದು ಗೋಳಿಬಜೆ ತುರುಕಿದರು.

ಕ್ಯಾಮೆರಾ ಒಮ್ಮೆ ಒಳಗೆ ಹೋಯಿತು. ವಾರಿಜಕ್ಕ ಟೀವಿಯ ಮುಂದೆ ಮಂಡಿಯೂರಿ ಕೂತರು. ಸಾಲು ಸಾಲು ನೀಲಿ ಸೀಟುಗಳು ಕಂಡವು, ಅದರಲ್ಲಿ ಒಬ್ಬ ಮುದುಕ ಕೂತು ನಗುತ್ತಿದ್ದ. ಅವನ ಕೋಟು ಸರಿಯಾಗಿ ಆ ಜಾಗವನ್ನೇ ಮುಚ್ಚಿತ್ತು. ಏಳು ಅಜ್ಜ, ಏಳು ಎಂದು ನಾವೆಲ್ಲ ಒಟ್ಟಿಗೆ ಕೂಗಿದೆವು. ಅಜ್ಜ ಏಳಲಿಲ್ಲ, ಕ್ಯಾಮೆರಾ ಮತ್ತೆ ಮೂತಿಗೆ ಹೋಯಿತು.

ಕೆಲವು ವರ್ಷಗಳ ನಂತರ ಸದಾಶಿವಣ್ಣನನ್ನು ಅವರ ಕಂಪನಿ ಮರಳಿ ಜಪಾನಿಗೆ ಕರೆಸಿಕೊಂಡಿತು. ಸುದ್ದಿ ಹೇಳಲು ಬಂದ ವಾರಿಜಕ್ಕನಿಗೆ ಖುಷಿ, ನನಗೆ ದುಃಖ. ಬೇಡ ಎನ್ನಲು ನಾನು ಯಾರು? ವಿಮಾನ ನಿಲ್ದಾಣಕ್ಕೆ ನಾನೇ ಬಿಡಲು ಹೋದೆ. ದೊಡ್ಡ ಸೂಟ್‌ಕೇಸುಗಳೆಲ್ಲ ಒಳಗೆ ಹೋದ ಮೇಲೂ ಕೈಚೀಲವೊಂದನ್ನು ಬಿಡದೆ ಹಿಡಿದುಕೊಂಡಿದ್ದರು. ಅದರಲ್ಲಿ ಒಂದು ಕಾಂಜೀವರಂ ಸೀರೆ, ರವಿಕೆ, ಲಂಗ.

“ಸೂಟ್‌ಕೇಸು ಕಳೆದುಹೋದ್ರೆ? ಆ ಟ್ರೈನಿಗೆ ಪ್ಯಾಂಟಲ್ಲಿ ಹೋಗುದಾ?” ಎಂದರು.

ನನಗೆ ಅಳು ಬಂತು. ಅವರೂ ಅತ್ತರು. ಆಮೇಲೆ ಅಲ್ಲಿನ ಕಬ್ಬಿಣದ ಬೆಂಚಿನ ಮೇಲೆ ಒಂದು ನಿಮಿಷ ಕೂತು, “ಇದನ್ನು ಮಾಡಿದವನಿಗೆ ಬೆನ್ನೇ ಇಲ್ಲ ಕಾಣ್ತದೆ,” ಎಂದು ಎದ್ದು ಹೋದರು. ಅವರನ್ನು ನಾನು ಕಣ್ಣಾರೆ ನೋಡಿದ್ದು ಅದೇ ಕೊನೆ. ಈಗ ಅವರ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಆ ಬೀದಿಯಲ್ಲಿ ನಾನು ವಾಕಿಂಗ್ ಹೋಗುವುದನ್ನೇ ಬಿಟ್ಟಿದ್ದೇನೆ.

ಹೋಗಿ ತಿಂಗಳಾದ ಮೇಲೆ ಫೋನು ಬಂತು. ಹಲೋ ಎನ್ನುವ ಮೊದಲೇ, “ಸಿಕ್ಲಿಲ್ಲ ಸುಮಾ!” ಎಂದರು.

ಸೀರೆ ಉಟ್ಟು ಹತ್ತಿದ್ದರಂತೆ. ಸೀಟು ಪೂರ್ತಿ ಹಿಂದಕ್ಕೆ ವಾಲಿಸಿ, ಸೆರಗನ್ನು ಬೇಕೆಂದೇ ಬದಿಗೆ ಬಿಟ್ಟು, ಗಡಬಡಿಸಿ ಎದ್ದರಂತೆ. ಸೆರಗು ಜಾರಿ ಬಂತು. ಖುಷಿಯಿಂದ ಬಗ್ಗಿ ಬೆರಳಾಡಿಸಿದರೆ, ಪಟ್ಟಿಯೇ ಇಲ್ಲ!

“ಅಯ್ಯೋ, ತೆಗೆದುಬಿಟ್ರಾ ಅಕ್ಕ?”

“ತೆಗೆದದ್ದು ಮಾತ್ರ ಅಲ್ಲ, ಸಂದಿಯನ್ನೇ ಇಲ್ಲ ಮಾಡಿದ್ದಾರೆ. ಬೆನ್ನು ಹಿಂದೆ ಹೋದ ಹಾಗೆ ಮೆತ್ತೆಯೂ ಒಟ್ಟಿಗೇ ಕೆಳಗೆ ಹೋಗ್ತದೆ. ನಂದಕ್ಕಿಂತ ಚಂದ ಉಂಟು. ಸುಳ್ಳು ಯಾಕೆ ಹೇಳುದು, ಸ್ವಲ್ಪ ಹೊಟ್ಟೆ ಉರಿಯಿತು.”

ಹೊಟ್ಟೆ ಉರಿಸಿಕೊಂಡೇ ಹಳೆಯ ಕೆಲಸದ ಜಾಗಕ್ಕೆ ಹೋದರಂತೆ, ಅದೇ ಸೀರೆಯಲ್ಲಿ. ಬಾಸು ನಿವೃತ್ತರಾಗಿದ್ದರು, ಪರಿಚಯದವರು ಯಾರೂ ಇರಲಿಲ್ಲ. ಈಗಿನ ತಂಡದ ಎಂಜಿನಿಯರ್ ಒಬ್ಬಾಕೆ ಮರ್ಯಾದೆಯಿಂದ ಶೆಡ್ಡು ತೋರಿಸಿದಳು. ಮುಂದಿನ ರೈಲಿನ ಸೀಟುಗಳು ಅಲ್ಲಿ ಸಾಲಾಗಿದ್ದವು. ಪ್ರತಿ ಸೀಟಿಗೂ ಉದ್ದನೆಯ ರೇಷ್ಮೆ ಬಟ್ಟೆಯೊಂದನ್ನು ಇಳಿಬಿಟ್ಟು, ವಾಲಿಸಿ, ಎತ್ತಿ, ಸಿಕ್ಕಿಕೊಳ್ಳುತ್ತದೋ ಎಂದು ನೋಡುತ್ತಿದ್ದರು. ಇದೇನು ಎಂದು ವಾರಿಜಕ್ಕ ಕೇಳಿದರು.

“‘ಇದು ಸೆರಗು ಟೆಸ್ಟ್, ಇದು ಪಾಸಾಗದೆ ಯಾವ ಸೀಟೂ ಇಲ್ಲಿಂದ ಹೊರಗೆ ಹೋಗುದಿಲ್ಲ’ ಅಂದ್ಳು. ಸೆರಗು ಅಂದ್ರೆ ಎಂಥ ಅಂತ ಕೇಳಿದೆ. ‘ನಮ್ಮದೇ ಯಾವುದೋ ಹಳೇ ಜಪಾನಿ ಮಾತಿರಬೇಕು’ ಅಂದ್ಳು ಮಾರಾಯ್ತಿ! ನಂಗೇ ಪಾಠ!”

“ನೀವು ಹೇಳ್ಲಿಲ್ವಾ ಅಕ್ಕ?”

ಆ ಕಡೆಯಿಂದ ಮೂಗು ಸೀಟಿದ ಸದ್ದು ಕೇಳಿಸಿತು.

“ಎಲ್ಲಿಂದ ಹೇಳುದು, ಸೆರಗಲ್ಲಿ ಕಣ್ಣು ಒರೆಸ್ತಾ ಇದ್ದೆ. ಆಗ ಅವಳೇ ನನ್ನ ಸೆರಗಿನ ತುದಿ ಮೆಲ್ಲ ಮುಟ್ಟಿ, ‘ಎಷ್ಟು ಚಂದ ಉಂಟು, ಇದಕ್ಕೆ ನಿಮ್ಮ ಭಾಷೆಯಲ್ಲಿ ಏನಂತಾರೆ?’ ಅಂತ ಕೇಳಿದ್ಳು.”