ಆರ್ಡಿತ್ ಮೆಸರ್‌ಳ ಫೆಡರಲ್ ಕೇಸು

ಆರ್ಡಿತ್ ಮೆಸರ್ ಕಾನೂನು ಕಲಿತದ್ದು ಒಲೆಯ ಮುಂದೆ. ಉತ್ತರ ಕ್ಯಾರೊಲಿನಾದ ಬೆಟ್ಟಸೀಮೆಯಲ್ಲಿ, ಕೌಂಟಿ ಎಂದು ಕರೆಯುವ ಜಿಲ್ಲೆಯ ಕೋರ್ಟಿನ ಎದುರಿಗೇ ಅವಳ ತಿಂಡಿ ಅಂಗಡಿ. ಇಪ್ಪತ್ತೆರಡು ವರ್ಷ ವಕೀಲರು ಅಲ್ಲಿ ಬಂದು ಕೂತು, ಬಿಸ್ಕಿಟ್ಟೆಂದು ಅಲ್ಲಿ ಕರೆಯುವ ಮೆತ್ತನೆಯ ಬಿಸಿ ಬನ್ನಿನ ಮೇಲೆ ಗ್ರೇವಿ ಸುರಿದುಕೊಂಡು, ಕಕ್ಷಿದಾರರ ಗುಟ್ಟನ್ನೆಲ್ಲ ಗಟ್ಟಿಯಾಗಿ ಆಡಿಹೋಗುತ್ತಿದ್ದರು. ಅವಳು ಕಾಫಿ ತುಂಬಿಸುತ್ತ ಎಲ್ಲವನ್ನೂ ಕಿವಿಗೆ ಹಾಕಿಕೊಂಡಳು.

ಎಪ್ಪತ್ತೊಂದನೆಯ ವಯಸ್ಸಿನ ಹೊತ್ತಿಗೆ ಗಂಡನೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ. ಒಂದು ಚಟ ಮಾತ್ರ ಉಳಿದಿತ್ತು. ಸೆಪ್ಟೆಂಬರ್ ಬಂದರೆ ಬೆಟ್ಟ ಹತ್ತಿ, ಔಷಧಿಗೆಂದು ಒಳ್ಳೆ ಬೆಲೆಗೆ ಮಾರಾಟವಾಗುವ ಜಿನ್ಸೆಂಗ್ ಬೇರು ಅಗೆಯಬೇಕು. ಬೆಟ್ಟದ ಆಚೆ ಮಗ್ಗುಲು ರಾಷ್ಟ್ರೀಯ ಉದ್ಯಾನ. ಅಲ್ಲಿ ಬೇರು ಮುಟ್ಟುವುದು ಅಪರಾಧ. ಆದರೆ ಉದ್ಯಾನವಾಗುವ ಮುಂಚೆ ಆ ಕಣಿವೆಯಲ್ಲಿ ಅವಳ ಅಜ್ಜನ ಮನೆಯಿತ್ತು, ಸರ್ಕಾರ ಎಬ್ಬಿಸಿ ಕಳಿಸಿತ್ತು. "ಅಜ್ಜ ಬಿತ್ತಿದ್ದನ್ನ ಮೊಮ್ಮಗಳು ಕಿತ್ಕೊಂಡ್ರೆ ಕಳ್ಳತನ ಹೇಗಾಗತ್ತೆ?" ಎಂದು ವಾದಿಸುತ್ತಿದ್ದಳು, ರೇಂಜರುಗಳು ಹತ್ತಿರ ಇಲ್ಲದಾಗ.

ಒಂದು ಬೆಳಿಗ್ಗೆ ಬೇರಿನ ಚೀಲ ಹೊತ್ತು ಇಳಿಯುವಾಗ ಪಕ್ಕದ ಜಮೀನಿನ ಬರ್ಲ್ ಹೆನ್ಸ್ಲಿ ಅವಳನ್ನು ತಡೆದ. ದಾರಿ ಅವನ ತೋಪಿನೊಳಗೇ ಹಾಯ್ದಿತ್ತು. ತನ್ನ ನೆಲದಲ್ಲಿ ಅಗೆದಿದ್ದಾಳೆಂದು ಹಟ ಹಿಡಿದು, ಕೌಂಟಿ ಪೊಲೀಸರ ಷೆರಿಫ್ ಕಚೇರಿಯಿಂದ ಡೆಪ್ಯುಟಿ ಕೋಲ್ವಿನ್‌ನನ್ನು ಕರೆಸಿದ. ಕೋಲ್ವಿನ್ ಚಿಕ್ಕಂದಿನಲ್ಲಿ ಚರ್ಚಿನ ಭಾನುವಾರದ ಶಾಲೆಯಲ್ಲಿ ಆರ್ಡಿತ್‌ಳಿಂದ ಕಿವಿ ಹಿಂಡಿಸಿಕೊಂಡವನು.

"ನಿಜ ಹೇಳಿ ಅಮ್ಮ, ಎಲ್ಲಿ ಅಗೆದ್ರಿ?"

"ಉದ್ಯಾನದಲ್ಲಿ."

ಕೋಲ್ವಿನ್ ಟೋಪಿ ತೆಗೆದ. "ಸ್ವಲ್ಪ ಯೋಚ್ನೆ ಮಾಡಿ ಹೇಳಿ. ಅದು ಫೆಡರಲ್ ಕೇಸಾಗತ್ತೆ. ಅಮೆರಿಕ ದೇಶಕ್ಕೆ ದೇಶವೇ ನಿಮ್ಮ ಮೇಲೆ ಬಂದಂಗೆ."

"ಬರಲಿ ಬಿಡು ಮಗಾ. ಇಷ್ಟು ವರ್ಷ ನನ್ನನ್ನ ಯಾರು ಕೇಳಿದ್ರು?"

ಅವಳ ಲೆಕ್ಕಾಚಾರ ಬೇರೆಯಿತ್ತು. ಇನ್ನೊಬ್ಬರ ಜಮೀನಿನಿಂದ ಜಿನ್ಸೆಂಗ್ ಕದ್ದರೆ ಈ ರಾಜ್ಯದಲ್ಲಿ ಅದು ಘೋರ ಅಪರಾಧ. ಕೌಂಟಿ ಕೋರ್ಟು, ಚುನಾವಣೆಯಲ್ಲಿ ಗೆದ್ದು ಬಂದ ಸರ್ಕಾರಿ ವಕೀಲ, ಜ್ಯೂರಿಯಲ್ಲಿ ಬರ್ಲ್‌ನ ನೆಂಟರು, ಮೈಗೆ ಅಂಟಿದರೆ ಸಾಯುವತನಕ ಬಿಡದ ಕಳ್ಳಿಯ ಹೆಸರು. ಅದೇ ಬೇರನ್ನು ಉದ್ಯಾನದಲ್ಲಿ ಕಿತ್ತರೆ ರೇಂಜರ್ ಹಿಡಿಯುತ್ತಾರೆ, ಕೇಂದ್ರ ಸರ್ಕಾರದ ವಕೀಲ ಕೇಸು ನಡೆಸುತ್ತಾನೆ, ಆದರೆ ಅಪರಾಧ ಸಣ್ಣದು. ಜ್ಯೂರಿಯೇ ಇಲ್ಲ, ಒಬ್ಬ ನ್ಯಾಯಾಧೀಶೆ, ಹೆಚ್ಚೆಂದರೆ ಆರು ತಿಂಗಳು. ಫೆಡರಲ್ ಎಂದರೆ ಯಾವಾಗಲೂ ದೊಡ್ಡದು ಎಂದು ಊರೆಲ್ಲ ನಂಬಿತ್ತು. ವಕೀಲರಿಗೆ ಊಟ ಬಡಿಸಿದವಳು ನಂಬಿರಲಿಲ್ಲ. ಅಲ್ಲದೆ ಈ ಸಲ ಅವಳು ಹೇಳುತ್ತಿದ್ದದ್ದು ನಿಜವೂ ಆಗಿತ್ತು.

ಬರ್ಲ್ ಬಿಡಲಿಲ್ಲ. "ಸುಳ್ಳು. ಅದು ನನ್ನ ಪಾತೀಲಿ ಬೆಳೆದ ಬೇರು. ಬೇಕಾದ್ರೆ ತೋರಿಸ್ತೀನಿ" ಎಂದು ಮನೆಯೊಳಗೆ ಹೋಗಿ, ಒಣಹಾಕಿದ್ದ ತನ್ನ ಬೇರುಗಳನ್ನು ಜರಡಿಸಮೇತ ತಂದು ಅವಳ ಚೀಲದ ಪಕ್ಕ ಇಟ್ಟ. "ನೋಡು, ಎರಡೂ ಒಂದೇ ಜಾತಿ, ಒಂದೇ ಮಣ್ಣು."

ಅಷ್ಟರಲ್ಲಿ ಕೋಲ್ವಿನ್ ಕರೆಸಿದ್ದ ರೇಂಜರ್ ಡೆಲ್ಗಾಡೊ ಬಂದಳು. ಅವಳು ಯಾರ ಮಾತನ್ನೂ ಕೇಳದೆ ಆರ್ಡಿತ್‌ಳ ಚೀಲದಿಂದ ಒಂದು ಬೇರನ್ನು ಎತ್ತಿ ಅದರ ಕತ್ತಿನ ಮಣ್ಣನ್ನು ಬ್ರಷ್ಷಿನಿಂದ ಕೊಡವಿದಳು. ಸುಕ್ಕುಗಳೊಳಗೆ ಕಿತ್ತಳೆ ಬಣ್ಣ. ಕಳ್ಳರನ್ನು ಹಿಡಿಯಲೆಂದು ಉದ್ಯಾನದವರು ಗಿಡಗಳಿಗೆ ಹಾಕುವ ಬಣ್ಣ ಅದು, ಎಷ್ಟು ತೊಳೆದರೂ ಬಿಡುವುದಿಲ್ಲ.

"ಇವರ ಚೀಲದ್ದು ಉದ್ಯಾನದ್ದೇ" ಎಂದು ಆರ್ಡಿತ್‌ಳತ್ತ ತಲೆಯಾಡಿಸಿದಳು. ಆಮೇಲೆ ಬರ್ಲ್‌ನ ಜರಡಿಯಿಂದ ಒಂದನ್ನು ಎತ್ತಿದಳು. ಇನ್ನೊಂದು. ಮತ್ತೊಂದು. "ನಿಮ್ಮದೂ."

ಬರ್ಲ್ ಜರಡಿಯನ್ನು ತನ್ನತ್ತ ಎಳೆದುಕೊಂಡ.

"ಒಂದೇ ಮಣ್ಣು ಅಂತ ಇವನೇ ಹೇಳಿದ್ನಲ್ಲ" ಎಂದಳು ಆರ್ಡಿತ್ ಮೆಲ್ಲಗೆ.

"ಬೇರು ಕದ್ದಿದ್ದಕ್ಕೆ ಉದ್ಯಾನದವರು ಕೇಸು ಹಾಕ್ತಾರೆ ಬರ್ಲ್" ಎಂದ ಕೋಲ್ವಿನ್, ಪುಸ್ತಕ ತೆಗೆಯುತ್ತ. "ನನ್ನನ್ನ ಕರೆಸಿ ಸುಳ್ಳು ದೂರು ಕೊಟ್ಟಿದ್ದು ರಾಜ್ಯದ ಕೇಸು, ಅದು ನಮ್ಮದು."

"ಎರಡೂ ಕಡೆಯಿಂದಾನಾ?"

"ಎರಡು ಸರ್ಕಾರ ಇದಾವಲ್ಲಪ್ಪ" ಎಂದಳು ಆರ್ಡಿತ್. "ತೆರಿಗೆ ಕಟ್ಟೋವಾಗ ಗೊತ್ತಾಗಿರ್ಲಿಲ್ವಾ?"

ಚಳಿಗಾಲದ ಆರಂಭದಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ಅವಳ ವಕೀಲ ಅಂಗಡಿಯ ಹಳೆಯ ಗಿರಾಕಿ. ಹೆಚ್ಚು ಮಾತಾಡಬೇಡಿ ಎಂದು ಮೊದಲೇ ಕೈಮುಗಿದು ಕೇಳಿಕೊಂಡಿದ್ದ. ಆರ್ಡಿತ್ ತಪ್ಪೊಪ್ಪಿಕೊಂಡಳು. ಜೈಲಿಲ್ಲ, ಎರಡು ವರ್ಷ ಅಧಿಕಾರಿಯ ನಿಗಾ, ಅಷ್ಟು ಕಾಲ ಉದ್ಯಾನಕ್ಕೆ ಕಾಲಿಡುವಂತಿಲ್ಲ.

ಅಲ್ಲಿಗೆ ಅವಳ ಕುಚೋದ್ಯವೆಲ್ಲ ಇಳಿದುಹೋಯಿತು. "ಅಮ್ಮ, ನಮ್ಮಜ್ಜ ಅಜ್ಜಿ ಗೋರಿ ಅಲ್ಲೇ ಇದೆ. ಪ್ರತಿ ಬೇಸಿಗೇಲಿ ಒಂದಿನ ಹೋಗಿ ಹೂವು ಇಟ್ಟು ಬರ್ತೀವಿ" ಎಂದು ನ್ಯಾಯಾಧೀಶೆಗೆ ಹೇಳಿಕೊಂಡಳು.

ನ್ಯಾಯಾಧೀಶೆ, "ಆ ಒಂದು ದಿನ ಹೋಗಬಹುದು. ರೇಂಜರ್ ಜೊತೆಗಿರಬೇಕು. ಅಗೆಯೋ ಕೋಲು ಮನೇಲಿರಬೇಕು" ಎಂದರು.

ಬರ್ಲ್‌ಗೆ ಇಪ್ಪತ್ತು ದಿನ ಜೈಲು, ಮೇಲೆ ಅದೇ ನಿಗಾ. ಮೊದಲೂ ಒಮ್ಮೆ ಸಿಕ್ಕಿಬಿದ್ದಿದ್ದನೆಂಬುದು ಆಗ ಹೊರಬಿತ್ತು. ಸುಳ್ಳು ದೂರಿಗೆ ಕೌಂಟಿ ಕೋರ್ಟು ಅವನಿಂದ ರಸ್ತೆಬದಿಯ ಕಸ ಹೆಕ್ಕಿಸಿತು.

ಇಬ್ಬರೂ ಹಾಜರಿ ಹಾಕಬೇಕಿದ್ದ ನಿಗಾ ಅಧಿಕಾರಿಯ ಕಚೇರಿ ಎರಡು ಗಂಟೆ ದೂರ. ಆರ್ಡಿತ್‌ಳ ಗಾಡಿ ಅಷ್ಟು ದೂರ ಎಳೆಯುವಂತಿರಲಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಬರ್ಲ್ ತನ್ನ ಟ್ರಕ್ಕಿನಲ್ಲಿ ಅವಳನ್ನೂ ಕೂರಿಸಿಕೊಂಡು ಹೋಗತೊಡಗಿದ. ಮೊದಲ ಎರಡು ಸಲ ಇಬ್ಬರೂ ತುಟಿ ಬಿಚ್ಚಲಿಲ್ಲ. ಮೂರನೆಯ ಸಲ ಅವಳು ಹಂದಿಮಾಂಸದ ಬಿಸ್ಕಿಟ್ಟು ಕಟ್ಟಿಕೊಂಡು ಬಂದಿದ್ದಳು. ಅರ್ಧ ದಾರಿಗೆ ಬರ್ಲ್ ತಾನಾಗಿಯೇ ಕೈ ಚಾಚಿದ.