ಅಂಗೈಯಗಲದ ಚೀಟಿ

ಶುಶ್ರೂಷೆಯ ಕ್ಷೇತ್ರದಲ್ಲಿ ಕೈಗುಣಕ್ಕೆ ಹೆಸರಾದವರು ಅನೇಕರಿದ್ದಾರೆ. ಬರವಣಿಗೆಯಿಂದಲೂ ರೋಗಿಗಳನ್ನು ಕಾಪಾಡಿದವರೆಂದರೆ, ಮೂವತ್ನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ, ಹೆಂಗಸರ ವಾರ್ಡಿನ ನಮ್ಮ ಹಿರಿಯ ಸಿಸ್ಟರ್. ಇದು ಮುಖಸ್ತುತಿಯಲ್ಲ.

ಸೇರಿದ ಹೊಸದರಲ್ಲಿ ಅವರೂ ಉದ್ದುದ್ದ ಬರೆಯುತ್ತಿದ್ದವರೇ. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ, ಮುಂದಿನವರಿಗೆಂದು ಎರಡು ಪುಟ ಮುತ್ತು ಪೋಣಿಸಿದಂತೆ ಬರೆದಿಡುವರು. ಏಳನೇ ಮಂಚದಾಕೆಗೆ ಒಂದು ಇಂಜೆಕ್ಷನ್ ಒಗ್ಗದೆಂಬ ಮಾತು ಎರಡನೆಯ ಪುಟದ ಕೊನೆಯಲ್ಲಿತ್ತು. ಬಂದವರು ಅಲ್ಲಿಯವರೆಗೆ ಓದುವಷ್ಟರಲ್ಲಿ ಸೂಜಿ ಚುಚ್ಚಿಯಾಗಿತ್ತು. ಆಕೆ ಬದುಕಿದ್ದೇ ಪುಣ್ಯ. ಎಲ್ಲರೂ ಓದದವರನ್ನು ಬೈದರು. ಸಿಸ್ಟರ್ ಮಾತ್ರ ತಪ್ಪು ಬರೆದವಳದೆಂದು ತಮ್ಮ ಮೇಲೆ ಹಾಕಿಕೊಂಡರು.

ಅಂದಿನಿಂದ ಶುರುವಾಯಿತು ಅಂಗೈಯಗಲದ ಚೀಟಿ. ಮೊದಲ ಸಾಲಿನಲ್ಲಿ ಮಾಡಬಾರದ್ದು, ಅದರ ಕೆಳಗೆ ಈಗಲೇ ಮಾಡಬೇಕಾದ್ದು. ಬರೆದೊಡನೆ ಅದನ್ನು ನೀರಿನ ಬಕೆಟ್ ಹೊತ್ತು ಹೋಗುವ ಆಯಾಳ ಮುಂದೆ ಹಿಡಿಯುವರು. ರಾತ್ರಿ ಶಾಲೆಯಲ್ಲಿ ಆಗಷ್ಟೇ ಅಕ್ಷರ ಕೂಡಿಸಲು ಕಲಿತಿದ್ದ ಆಕೆ, ಬಕೆಟ್ ಕೆಳಗಿಡದೆ ಓದಿ ಅರ್ಥ ಹೇಳಬೇಕು. ಒಮ್ಮೆ ಆಕೆ ಹೇಳಿಯೇಬಿಟ್ಟಳು: "ಕೈ ಸೋತುಹೋಯ್ತು ಸಿಸ್ಟರ್, ನಿಮ್ಮ ಮಾತು ಮಾತ್ರ ಇನ್ನೂ ಮುಗೀಲಿಲ್ಲ." ಸಿಸ್ಟರ್ ನಕ್ಕು, ಚೀಟಿ ಹರಿದು, ಮತ್ತೆ ಬರೆದರು. ನೆಲ ಒರೆಸುವವಳನ್ನೂ ಓದುಗರ ಸಾಲಿಗೆ ಸೇರಿಸಿಕೊಂಡ ಆ ದೊಡ್ಡತನ ಮರೆಯುವಂಥದ್ದಲ್ಲ.

ಮುಂದೆ ಬಂದ ಮೇಲಧಿಕಾರಿಗಳು, ಚೀಟಿಗೀಟಿ ಆಸ್ಪತ್ರೆಯ ಘನತೆಗೆ ತಕ್ಕದ್ದಲ್ಲವೆಂದು ನಾಲ್ಕು ಪುಟದ ನಮೂನೆ ತಂದರು. ಸಿಸ್ಟರ್ ನಮೂನೆಯನ್ನೂ ತುಂಬಿದರು, ಅದರ ನೆತ್ತಿಗೆ ಚೀಟಿಯನ್ನೂ ಚುಚ್ಚಿದರು. ವಿವರವಾದ ಸಮಜಾಯಿಷಿ ಕೇಳಿ ನೋಟಿಸ್ ಬಂತು. ಅವರ ಉತ್ತರ ಇಷ್ಟೇ: "ಓಡಾಡುತ್ತ ಓದುವವರಿಗೆ ಬರೆಯುತ್ತೇನೆ. ಚೀಟಿ ನಿಲ್ಲಿಸುವುದಿಲ್ಲ." ಅದಕ್ಕಾಗಿ ಹನ್ನೊಂದು ತಿಂಗಳು ಅವರನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ತಳ್ಳಲಾಯಿತು. ಅವರು ಸೊಪ್ಪು ಹಾಕಲಿಲ್ಲ. ಅಲ್ಲಿ ಬಟ್ಟೆಯ ಗಂಟುಗಳ ಮೇಲೂ ಚೀಟಿ ಬಿತ್ತು.

ಈಗ, ಅವರು ಹೋದ ಮರುದಿನದಿಂದ ಚೀಟಿ ಬಂದ್ ಎಂದು ಸುತ್ತೋಲೆ ಬಂದಿದೆ. ಎಲ್ಲರೂ ಸಹಿ ಹಾಕಬೇಕಂತೆ. ವಾರ್ಡಿನ ಅತಿ ಕಿರಿಯ ನರ್ಸು ಅದನ್ನು ಮೇಲಧಿಕಾರಿಗಳ ಬಳಿಗೆ ವಾಪಸು ಒಯ್ದು, "ಯಾಕೆ ಬೇಡ ಅಂತ ಒಂದೇ ಸಾಲಲ್ಲಿ ಹೇಳಿ ಸಾರ್, ಹಾಕ್ತೀವಿ" ಎಂದಳು. ಆ ಸಾಲು ಇನ್ನೂ ಬಂದಿಲ್ಲ.

ನಮ್ಮ ಸಿಸ್ಟರ್ ನೂರ್ಕಾಲ ಬಾಳಲಿ. ಹೊಸಬರ ಬರಹ ತಿದ್ದುವ ಅವರ ಕೈಗೆ ಬಿಡುವು ಸಿಗದಿರಲಿ. ಅವರಿಲ್ಲದ ಮೊದಲ ಮಧ್ಯಾಹ್ನದ ಚೀಟಿಯ ಕೆಳಗೆ ವಾರ್ಡಿನ ಎಲ್ಲರ ಸಹಿ ಇರುತ್ತದೆ. ನೋಟಿಸ್ ಕೊಡುವುದಾದರೆ ಎಲ್ಲರಿಗೂ ಕೊಡಲಿ.